ಫೋರ್ಕ್‌ಲಿಫ್ಟ್ ಮತ್ತು ಆರು ಮೀಟರ್ ಲೆಕ್ಕ

ಇಂಟರ್ನ್‌ಶಿಪ್‌ಗೆ ಫ್ಯಾಕ್ಟರಿಗೆ ಹೋಗುವಾಗ ಹೆಲ್ಮೆಟ್, ಸೇಫ್ಟಿ ಶೂ ಹಾಕ್ಕೊಂಡ್ರೆ ಸಾಕು ಅಂದ್ಕೊಳ್ತೀವಿ. ಆದರೆ ಟನ್‌ಗಟ್ಟಲೆ ತೂಕದ ಫೋರ್ಕ್‌ಲಿಫ್ಟ್ ಗುದ್ದಿದರೆ ಇವೆರಡೂ ನಮ್ಮನ್ನು ಕಾಪಾಡಲಾರವು. ಹಾಗಾಗಿ ಒಂದು ಸಣ್ಣ ಲೆಕ್ಕ ಮಾಡೋಣ.

ಗಾಡಿಯ ವೇಗ ಗಂಟೆಗೆ 12 ಕಿ.ಮೀ. ಅಂತಿಟ್ಟುಕೊಳ್ಳೋಣ, ಅಂದರೆ ಸೆಕೆಂಡಿಗೆ 3.3 ಮೀಟರ್. ಚಾಲಕರು ನಮ್ಮನ್ನು ಕಂಡು ಬ್ರೇಕ್ ಒತ್ತಲು 1 ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 3.3 ಮೀಟರ್ ಬಂದಾಯ್ತು. ಬ್ರೇಕ್ ಪ್ರತಿ ಸೆಕೆಂಡಿಗೆ 2 ಮೀ./ಸೆ. ವೇಗ ಇಳಿಸಿದರೆ ನಿಲ್ಲೋದಕ್ಕೆ ಇನ್ನೂ 2.8 ಮೀಟರ್ ಬೇಕು. ಒಟ್ಟು ಆರು ಮೀಟರ್! ಇನ್ನೂ ಜೋರಾಗಿ ಬ್ರೇಕ್ ಹಾಕಿದರೆ ಸರಕು ಮುಂದಕ್ಕೆ ಜಾರಬಹುದು. ಅದೇ ವೇಗವನ್ನು 6 ಕಿ.ಮೀ.ಗೆ ಇಳಿಸಿದರೆ ಒಟ್ಟು ದೂರ ಸುಮಾರು 2.4 ಮೀಟರ್ ಅಷ್ಟೇ. ಶಾಪ್‌ ಫ್ಲೋರ್‌ನಲ್ಲಿ ವೇಗದ ಮಿತಿ ಇರೋದು ಇದಕ್ಕೇ.

ಇನ್ನೊಂದು ಸಂಗತಿ. ಕಾರಿನಲ್ಲಿ ಸ್ಟಿಯರಿಂಗ್‌ಗೆ ಮುಂದಿನ ಚಕ್ರ ತಿರುಗಿದರೆ, ಫೋರ್ಕ್‌ಲಿಫ್ಟ್‌ನಲ್ಲಿ ಹಿಂದಿನದು ತಿರುಗುತ್ತೆ. ತಿರುವಿನಲ್ಲಿ ಅದರ ಹಿಂಭಾಗ ಹೊರಕ್ಕೆ ಬೀಸುತ್ತೆ. ಗಾಡಿಗೂ ಗೋಡೆಗೂ ನಡುವೆ ನಿಂತವರು ಸಿಕ್ಕಿಹಾಕಿಕೊಳ್ಳೋದು ಹೀಗೆ. ಎತ್ತರದ ಲೋಡ್ ಇದ್ದರೆ ಚಾಲಕರಿಗೆ ಎದುರಿನ ದಾರಿಯೇ ಕಾಣೋದಿಲ್ಲ.

ನಾಳೆ ಲೇಔಟ್ ಹಾಕೋರು ನಾವೇ. ನೆಲದ ಮೇಲಿನ ಹಳದಿ ಗೆರೆ ದಾರಿ ತೋರಿಸುತ್ತೆ, ಗಾಡಿ ನಿಲ್ಲಿಸೋದಿಲ್ಲ. ನಡೆಯುವವರ ದಾರಿಯನ್ನೇ ಬೇರೆ ಮಾಡಿ, ನಡುವೆ ಗಟ್ಟಿ ಕಬ್ಬಿಣದ ತಡೆ ಹಾಕಬೇಕು. ಈಗಂತೂ ಇಯರ್‌ಫೋನ್ ತೆಗೆದಿಟ್ಟು, ಗಾಡಿ ನಿಂತು ಚಾಲಕರು ಕೈಸನ್ನೆ ಮಾಡಿದ ಮೇಲಷ್ಟೇ ದಾಟೋಣ.