ಮರಳಿಗೂ ಶಿಕ್ಷೆಯೇ? – ‘ಮಿಶ್ರಣಗಳು’ ಪಾಠದಲ್ಲಿ ಒಂದು ಕಾನೂನಿನ ಲೆಕ್ಕ

ಹಿನ್ನೆಲೆ

ಬೋಧನಾಭ್ಯಾಸದ ಅವಧಿಯಲ್ಲಿ 9ನೇ ತರಗತಿಯ ‘ಮಿಶ್ರಣಗಳು’ ಘಟಕದಿಂದ ಎರಡು ಪಾಠಗಳು ನನ್ನ ಪಾಲಿಗೆ ಬಂದಿದ್ದವು. ಅದೇ ವಾರ ಶಾಲೆಯಲ್ಲಿ ಮಾದಕ ವಸ್ತು ವಿರೋಧಿ ಜಾಥಾ ನಡೆದಿತ್ತು. ಅದನ್ನೇ ಪ್ರೇರಣೆಯಾಗಿ ಬಳಸಿಕೊಂಡು ಮೊದಲ ದಿನ ರಾಶಿಯ ಶೇಕಡಾವಾರು ಹೇಳಿಕೊಟ್ಟೆ. ಪಾಠ ಮುಗಿಸುವಾಗ, “ಡ್ರಗ್ಸ್ ಮಾರಿ ಸಿಕ್ಕಿಬಿದ್ದರೆ ಹತ್ತು ವರ್ಷ ಜೈಲು ಖಂಡಿತ” ಎಂದು ಒಂದು ಮಾತು ಸೇರಿಸಿದೆ. ಪಾಠ ಯೋಜನೆಯಲ್ಲಿ ಆ ಮಾತು ಇರಲಿಲ್ಲ.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಹಿಂದೆ ಉಳಿದಳು. “ಮಿಸ್, ಎಲ್ಲರಿಗೂ ಹತ್ತು ವರ್ಷನಾ? ಕೇಸ್ ಹಾಕಿದ್ರೆ ಶಿಕ್ಷೆ ಆದಂಗೇನಾ?” ಎಂದು ಕೇಳಿದಳು. ಯಾಕೆ ಕೇಳುತ್ತಿದ್ದಾಳೆಂದು ನಾನು ವಿಚಾರಿಸಲಿಲ್ಲ. “ನಾಳೆ ಹೇಳ್ತೀನಮ್ಮ” ಎಂದೆ. ಆ ರಾತ್ರಿ ಕಾಯ್ದೆ ಓದಿದಾಗ ನನ್ನ ಮಾತು ತಪ್ಪೆಂದು ತಿಳಿಯಿತು. ಎರಡನೆಯ ಪಾಠವನ್ನು ಆ ತಪ್ಪಿನಿಂದಲೇ ಆರಂಭಿಸಿದೆ.

ಕಲಿಕಾ ಫಲಗಳು

1. ಮಿಶ್ರಣದಲ್ಲಿನ ಒಂದು ಘಟಕದ ಶೇಕಡಾವಾರನ್ನು ಲೆಕ್ಕ ಹಾಕುವುದು.
2. ಪ್ರಯೋಗಾಲಯ ಹೇಳುವ ಸಂಗತಿ ಯಾವುದು, ಕಾನೂನು ಮಾಡುವ ತೀರ್ಮಾನ ಯಾವುದು ಎಂದು ಬೇರ್ಪಡಿಸಿ ನೋಡುವುದು.

ಚಟುವಟಿಕೆ

98 ಗ್ರಾಂ ಮರಳಿಗೆ 2 ಗ್ರಾಂ ಉಪ್ಪು ಬೆರೆಸಿ ಗುಂಪುಗಳಿಗೆ ಕೊಟ್ಟೆ. ಮಕ್ಕಳು ಅದಕ್ಕೆ ನೀರು ಹಾಕಿ ಕಲಕಿ, ಸೋಸಿ, ಸೋಸಿದ ನೀರನ್ನು ಕಾಯಿಸಿ ಆವಿ ಮಾಡಿದರು. ಒಂದು ಗುಂಪಿಗೆ 1.7 ಗ್ರಾಂ ಉಪ್ಪು ಮರಳಿ ಸಿಕ್ಕಿತು. ಉಳಿದದ್ದು ಎಲ್ಲಿ ಹೋಯಿತು ಎಂಬ ಚರ್ಚೆಯಿಂದ ಅಳತೆಯ ದೋಷದ ಪರಿಚಯವೂ ಆಯಿತು. ಆಮೇಲೆ ಪ್ರಶ್ನೆ ಮುಂದಿಟ್ಟೆ: “ಈ ಉಪ್ಪು ನಿಷೇಧಿತ ವಸ್ತು ಎಂದುಕೊಳ್ಳಿ. ಪೊಟ್ಟಣದ ಒಡೆಯನ ಹತ್ತಿರ ಎಷ್ಟು ಗ್ರಾಂ ಸಿಕ್ಕಿತೆಂದು ಬರೆಯಬೇಕು? 2 ಗ್ರಾಮೋ, 100 ಗ್ರಾಮೋ?” ತರಗತಿ ಎರಡು ಪಾಲಾಯಿತು. “ಮಿಸ್, ಮರಳಿಗೂ ಜೈಲಾ?” ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೂ ಬಂದಿತ್ತು ಎಂದಾಗ ಎಲ್ಲರೂ ಕಿವಿಗೊಟ್ಟರು.

ವಿಷಯ ಮಂಡನೆ

1985ರ ಎನ್‌ಡಿಪಿಎಸ್ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಆದ ಮೇಲೆ ಶಿಕ್ಷೆ ಪ್ರಮಾಣವನ್ನು ಅವಲಂಬಿಸಿದೆ. ಹೆರಾಯಿನ್‌ಗೆ ಈಗಿನ ಮಿತಿಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ:

– ಅಲ್ಪ ಪ್ರಮಾಣ (5 ಗ್ರಾಂವರೆಗೆ): 1 ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.
– ನಡುವಿನ ಪ್ರಮಾಣ: 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ.
– ವಾಣಿಜ್ಯ ಪ್ರಮಾಣ (250 ಗ್ರಾಂಗಿಂತ ಹೆಚ್ಚು): 10 ವರ್ಷಕ್ಕೆ ಕಡಿಮೆಯಿಲ್ಲದ, 20 ವರ್ಷದವರೆಗಿನ ಕಠಿಣ ಸಜೆ, ಕನಿಷ್ಠ 1 ಲಕ್ಷ ರೂಪಾಯಿ ದಂಡ.

ವಸ್ತು ಬದಲಾದರೆ ಮಿತಿಯೂ ಬದಲಾಗುತ್ತದೆ. ಗಾಂಜಾಕ್ಕೆ ಅಲ್ಪ ಪ್ರಮಾಣವೆಂದರೆ 1 ಕಿಲೋ, ವಾಣಿಜ್ಯ ಪ್ರಮಾಣದ ಗೆರೆ 20 ಕಿಲೋ.

2008ರ ಮೈಕೆಲ್ ರಾಜ್ ಪ್ರಕರಣದಲ್ಲಿ ವಶವಾದ ಮಾಲು 4 ಕಿಲೋಗೆ ತುಸು ಹೆಚ್ಚು. ಪರೀಕ್ಷೆಗೆ ಹೋದ ಮಾದರಿಗಳಲ್ಲಿ ಹೆರಾಯಿನ್ ಇದ್ದದ್ದು ಶೇ. 1.4 ಮತ್ತು 1.6 ಮಾತ್ರ. 4,000 ಗ್ರಾಂಗೆ ಶೇ. 1.5 ಹಿಡಿದು ಲೆಕ್ಕ ಹಾಕಿ ಎಂದೆ; ಮಕ್ಕಳು 60 ಗ್ರಾಂ ಎಂದರು. ಶುದ್ಧ ಮಾದಕದ ತೂಕವನ್ನಷ್ಟೇ ಪರಿಗಣಿಸಬೇಕೆಂದು ಹೇಳಿದ ಸುಪ್ರೀಂ ಕೋರ್ಟ್, 10 ವರ್ಷದ ಸಜೆಯನ್ನು 6 ವರ್ಷಕ್ಕೆ ಇಳಿಸಿತು. 2009ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಇಡೀ ಮಿಶ್ರಣದ ತೂಕವೇ ಲೆಕ್ಕಕ್ಕೆ ಬರುತ್ತದೆ ಎಂದು ಅಧಿಸೂಚನೆ ಹೊರಡಿಸಿತು. 2020ರ ಏಪ್ರಿಲ್ 22ರಂದು ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು 2008ರ ತೀರ್ಪು ಸರಿಯಲ್ಲವೆಂದು ಹೇಳಿ, ಬೆರಕೆಯ ತೂಕವನ್ನೂ ಸೇರಿಸಬೇಕೆಂದಿತು. ಈಗ ನಡೆಯುವುದು ಇದೇ ನಿಯಮ.

ಗುಂಪು ಲೆಕ್ಕ

ಅ: 300 ಗ್ರಾಂ ಪುಡಿ, ಹೆರಾಯಿನ್ ಶೇ. 2. ಆ: 240 ಗ್ರಾಂ ಪುಡಿ, ಹೆರಾಯಿನ್ ಶೇ. 90.

ಮೊದಲನೆಯದರಲ್ಲಿ ಶುದ್ಧ ಹೆರಾಯಿನ್ 6 ಗ್ರಾಂ, ಎರಡನೆಯದರಲ್ಲಿ 216 ಗ್ರಾಂ; ಅಂದರೆ 36 ಪಟ್ಟು ಹೆಚ್ಚು. 2008ರ ನಿಯಮದಂತೆ ಎರಡೂ ನಡುವಿನ ಪ್ರಮಾಣಕ್ಕೆ ಸೇರುತ್ತವೆ. ಇಂದಿನ ನಿಯಮದಂತೆ ‘ಅ’ ವಾಣಿಜ್ಯ ಪ್ರಮಾಣ. ಅಪರಾಧ ಸಾಬೀತಾದರೆ 10 ವರ್ಷಕ್ಕಿಂತ ಕಡಿಮೆ ಕೊಡುವಂತಿಲ್ಲ. ‘ಆ’ ನಡುವಿನ ಪ್ರಮಾಣದಲ್ಲೇ ಉಳಿಯುತ್ತದೆ. ಅಲ್ಲಿ ಕನಿಷ್ಠ ಅವಧಿ ಎಂಬುದಿಲ್ಲ.

“ಇದು ಅನ್ಯಾಯ” ಎಂದವರೇ ಹೆಚ್ಚು. ಆಗ ಒಬ್ಬಳು ಎದ್ದು, “ಬೆರೆಸೋದೇ ಜಾಸ್ತಿ ಜನಕ್ಕೆ ಮಾರೋಕೆ ಅಲ್ವಾ ಮಿಸ್? ಕುಡಿಯೋರಿಗೆ ಸಿಗೋದೂ ಬೆರಕೇನೇ” ಎಂದಳು. ಬೀದಿಯಲ್ಲಿ ಮಾದಕ ವಸ್ತು ಮಾರಾಟವಾಗುವುದೇ ಮಿಶ್ರಣವಾಗಿ ಎಂಬುದು ಹೀರಾ ಸಿಂಗ್ ತೀರ್ಪಿನ ಕಾರಣಗಳಲ್ಲೂ ಇದೆ. ಯಾರು ಗೆದ್ದರೆಂದು ನಾನು ಹೇಳಲಿಲ್ಲ. ಶೇಕಡಾವಾರು ಎರಡೂ ಪಕ್ಷಕ್ಕೆ ಒಂದೇ. ಏನನ್ನು ತೂಗಬೇಕೆಂಬುದು ಮಾತ್ರ ಬೇರೆ. ಆ ತೀರ್ಮಾನವನ್ನು ತಕ್ಕಡಿ ಮಾಡುವುದಿಲ್ಲ.

ಆರೋಪ ಮತ್ತು ಶಿಕ್ಷೆ

ಹುಡುಗಿಯ ಎರಡನೆಯ ಪ್ರಶ್ನೆಗೆ ಕೊನೆಯ ಹತ್ತು ನಿಮಿಷ ಮೀಸಲಿಟ್ಟೆ. ಕೇಸ್ ದಾಖಲಾಗುವುದು ಆರಂಭವಷ್ಟೇ. ಆರೋಪಿಯ ಮೈ ತಪಾಸಣೆ ಮಾಡುವ ಮುನ್ನ, ಮ್ಯಾಜಿಸ್ಟ್ರೇಟ್ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ತಪಾಸಣೆ ಕೇಳುವ ಹಕ್ಕಿದೆ ಎಂದು ಅವನಿಗೆ ತಿಳಿಸಬೇಕು. ಮಾದರಿಯಲ್ಲಿ ಆ ವಸ್ತು ಇದೆಯೆಂದು ಪ್ರಯೋಗಾಲಯದ ವರದಿ ತೋರಿಸಬೇಕು. ತನಿಖಾಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೊಂದನ್ನೇ ನಂಬಿ ಶಿಕ್ಷಿಸುವಂತಿಲ್ಲವೆಂದು 2020ರ ತೂಫಾನ್ ಸಿಂಗ್ ತೀರ್ಪು ಹೇಳಿದೆ. ಈ ಹಂತಗಳಲ್ಲಿ ಲೋಪವಾದರೆ ಆರೋಪಿ ಖುಲಾಸೆ ಆಗಬಹುದು. ಇನ್ನೊಂದು ಕಡೆ, ವಾಣಿಜ್ಯ ಪ್ರಮಾಣದ ಆರೋಪವಿದ್ದರೆ ತೀರ್ಪಿಗೆ ಮುಂಚೆ ಜಾಮೀನು ಸಿಗುವುದೂ ಬಹಳ ಕಷ್ಟ. 18 ವರ್ಷದೊಳಗಿನವರ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ವ್ಯಸನಿಯಾದವರು ತಾವಾಗಿಯೇ ಚಿಕಿತ್ಸೆಗೆ ಮುಂದೆ ಬಂದರೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ವಿಚಾರಣೆಯಿಂದ ವಿನಾಯಿತಿ ಕೊಡುವ ಅವಕಾಶವೂ ಕಾಯ್ದೆಯಲ್ಲಿದೆ.

ಮೌಲ್ಯಮಾಪನ

1. 500 ಗ್ರಾಂ ಮಿಶ್ರಣದಲ್ಲಿ ಶೇ. 3ರಷ್ಟು ಹೆರಾಯಿನ್ ಇದೆ. ಎರಡೂ ನಿಯಮಗಳಂತೆ ಅದು ಯಾವ ಪ್ರಮಾಣಕ್ಕೆ ಸೇರುತ್ತದೆ?
2. ‘ಆರೋಪಿ’ ಮತ್ತು ‘ಅಪರಾಧಿ’ ಪದಗಳ ವ್ಯತ್ಯಾಸವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ.

ಆತ್ಮಾವಲೋಕನ

ಮೊದಲ ಪ್ರಶ್ನೆಗೆ ಬಹುತೇಕ ಮಕ್ಕಳು ಸರಿಯುತ್ತರ ಬರೆದರು. ಎರಡನೆಯದಕ್ಕೆ ಹಲವರು ತಡಕಾಡಿದರು. ಅದಕ್ಕೆ ಇನ್ನೊಂದು ಅವಧಿ ಬೇಕಿತ್ತು. ಸೋಸುವುದಕ್ಕೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಈ ಪಾಠ ಮಾಡುವವರು ಸೋಸುವಿಕೆಯನ್ನು ಹಿಂದಿನ ದಿನವೇ ಮುಗಿಸಿಕೊಳ್ಳುವುದು ಒಳ್ಳೆಯದು.

ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ, ಹೆದರಿಸಲು ಹೇಳುವ ಮಾತನ್ನೂ ಮಕ್ಕಳು ಪಾಠವೆಂದೇ ಬರೆದುಕೊಳ್ಳುತ್ತಾರೆ ಎಂದು ಬರೆದಿದ್ದರು. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಯಾರ ಮನೆಯಲ್ಲಿ ಯಾವ ಕೇಸು ನಡೆಯುತ್ತಿದೆಯೋ ನಮಗೆ ತಿಳಿದಿರುವುದಿಲ್ಲ. ಉಪ್ಪು 2 ಗ್ರಾಂ ಎಂದು ಅಳೆದು ಹೇಳಿದ ನಾನು, ಹತ್ತು ವರ್ಷ ಎಂಬುದನ್ನು ಅಳೆಯದೆ ಹೇಳಿಬಿಟ್ಟಿದ್ದೆ. ಎರಡನೆಯ ದಿನ ಆ ಹುಡುಗಿ ಏನೂ ಕೇಳಲಿಲ್ಲ. ಕಪ್ಪುಹಲಗೆಯ ಮೇಲಿನ ಮೂರು ಸಾಲುಗಳನ್ನು ಮಾತ್ರ ಪೂರ್ತಿಯಾಗಿ ಬರೆದುಕೊಂಡಳು.