ಸೆಲ್ಫ್ ಹೊಡೆಯುವ ಮುನ್ನ ಒಂದು ಮಾತು

ಡೀಸೆಲ್ ಪಿಕಪ್ ಇಟ್ಟುಕೊಂಡು ದುಡಿಯುವವರಿಗೆ ಇದೊಂದು ಕಿವಿಮಾತು. ಕೋಲಾರದ ಮಂಡಿಗೆ ಟೊಮೆಟೊ ಒಯ್ಯುವವರಿರಲಿ, ಡೇರಿಗೆ ಹಾಲಿನ ಕ್ಯಾನು ಸಾಗಿಸುವವರಿರಲಿ, ನಿಮ್ಮ ದಿನ ಶುರುವಾಗುವುದೇ ನಸುಕಿನಲ್ಲಿ. ಆ ಹೊತ್ತಿಗೆ ಗಾಡಿ ಮುಷ್ಕರ ಹೂಡಿದರೆ ಜೀವ ಬಾಯಿಗೆ ಬರುತ್ತದೆ, ಒಪ್ಪಿದೆ. ಹಾಗಂತ ಕೀಲಿ ತಿರುಗಿಸಿ ಹಿಡಿದು ಒಂದೇ ಸಮನೆ ಸೆಲ್ಫ್ ಹೊಡೆಯುತ್ತೀರಲ್ಲ, ಆ ಚಾಳಿ ಮೊದಲು ಬಿಡಿ. ಹತ್ತು ಸೆಕೆಂಡು ಹೊಡೆಯಿರಿ, ಅರ್ಧ ನಿಮಿಷ ಸುಮ್ಮನಿರಿ. ಎರಡು ಮೂರು ಸಲಕ್ಕೂ ಬಗ್ಗದಿದ್ದರೆ ಕೆಳಗಿಳಿದು ಬಾನೆಟ್ ಎತ್ತಿ. ಇಲ್ಲದಿದ್ದರೆ ಡೀಸೆಲ್ಲಿನ ತೊಂದರೆಗೆ ಬ್ಯಾಟರಿಯೂ ಸೆಲ್ಫ್ ಮೋಟಾರೂ ದಂಡ ತೆರಬೇಕಾಗುತ್ತದೆ.

ಒಳಗೆ ನಡೆಯುವುದೇನೆಂದು ತಿಳಿದುಕೊಳ್ಳಿ. ಈಗಿನ ಪಿಕಪ್‌ಗಳಲ್ಲಿ ಹೆಚ್ಚಿನವು ಕಾಮನ್ ರೈಲ್ ಗಾಡಿಗಳು. ಟ್ಯಾಂಕಿನ ಡೀಸೆಲ್ ಫಿಲ್ಟರ್ ದಾಟಿ ಹೈ ಪ್ರೆಶರ್ ಪಂಪಿಗೆ ಬರುತ್ತದೆ. ಪಂಪು ಅದನ್ನು ಒತ್ತಿ, ಇಂಜೆಕ್ಟರ್‌ಗಳಿಗೆ ಹಂಚುವ ರೈಲ್ ಎಂಬ ಕೊಳವೆಗೆ ತುಂಬುತ್ತದೆ. ಸಾಮಾನ್ಯವಾಗಿ ಅಲ್ಲಿ ಸುಮಾರು 200 ಬಾರ್ ಒತ್ತಡ ಏರುವವರೆಗೆ ಇಂಜೆಕ್ಟರ್‌ಗಳು ಬಾಯಿ ತೆರೆಯುವುದಿಲ್ಲ. ಕಾರಿನ ಟೈರಿನಲ್ಲಿರುವ ಗಾಳಿ 2 ಬಾರ್ ಆಸುಪಾಸು ಅಂದರೆ, ಲೆಕ್ಕ ನೀವೇ ಹಾಕಿ. ದಾರಿಯಲ್ಲಿ ಎಲ್ಲೋ ಒಂದು ಕಡೆ ಗಾಳಿ ಹೊಕ್ಕರೆ, ಫಿಲ್ಟರ್ ಕಟ್ಟಿದರೆ ಈ ಒತ್ತಡ ಏರುವುದೇ ಇಲ್ಲ. ನೀವೋ ತಕ್ಷಣ "ಪಂಪು ಹೋಯ್ತು" ಎಂದು ತೀರ್ಮಾನಿಸುತ್ತೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ. ಪಂಪಿಗೆ ಕೈ ಹಾಕುವ ಮೊದಲು ಅಗ್ಗದ ಜಾಗಗಳನ್ನೆಲ್ಲ ನೋಡಿ ಮುಗಿಸಿ.

ಸೆಲ್ಫ್ ಹೊಡೆಯುವಾಗ ಒಬ್ಬರನ್ನು ಸೈಲೆನ್ಸರ್ ಬಳಿ ನಿಲ್ಲಿಸಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಎಂಜಿನ್ನಿಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಹೋಗುತ್ತಿದೆ, ಸರಿಯಾಗಿ ಉರಿಯುತ್ತಿಲ್ಲ. ಹೀಟರ್ ಪ್ಲಗ್ ನೋಡಿಸಿ. ಚಳಿ ದಿನಗಳಲ್ಲಿ ಕೀಲಿ ಆನ್ ಮಾಡಿ, ಮೀಟರಿನಲ್ಲಿ ಸುರುಳಿಯ ದೀಪ ಆರುವವರೆಗೆ ಕಾಯಿರಿ. ಅಷ್ಟು ತಾಳ್ಮೆಯಿಲ್ಲದೆ ಈಥರ್ ಸ್ಪ್ರೇ ತಂದು ಹೊಡೆಯುವುದು ಬೇಡವೇ ಬೇಡ. ಕಾದ ಹೀಟರ್ ಪ್ಲಗ್ ಇರುವಲ್ಲಿ ಅದು ಅವೇಳೆಯಲ್ಲಿ ಹೊತ್ತಿ ಎಂಜಿನ್ನನ್ನೇ ಒಡೆದೀತು.

ಹೊಗೆಯಿಲ್ಲದಿದ್ದರೆ ಫಿಲ್ಟರ್ ಹತ್ತಿರ ಹೋಗಿ. ಹ್ಯಾಂಡ್ ಪಂಪ್ ಇದ್ದರೆ ಒತ್ತಿ ನೋಡಿ. ನಾಲ್ಕಾರು ಸಲಕ್ಕೆ ಕೈಗೆ ಗಟ್ಟಿಯಾದರೆ ಅಲ್ಲಿಯವರೆಗೆ ಡೀಸೆಲ್ ಬಂದಿದೆ. ಒತ್ತಿದಷ್ಟೂ ಮೆತ್ತಗೇ ಇದ್ದರೆ ಏರ್ ಹಿಡಿದಿದೆ: ಪೈಪಿನ ಕ್ಲಿಪ್ಪು, ಬಿರುಕುಬಿಟ್ಟ ರಬ್ಬರು, ಫಿಲ್ಟರಿನ ವಾಷರು ನೋಡಿ. ರಾತ್ರಿಯಿಡೀ ನಿಂತ ಗಾಡಿ ಬೆಳಗ್ಗೆ ಮಾತ್ರ ಸತಾಯಿಸಿ, ಆಮೇಲೆ ದಿನವೆಲ್ಲ ಚೆನ್ನಾಗಿ ಸ್ಟಾರ್ಟ್ ಆಗುತ್ತಿದ್ದರೆ ಹೆಚ್ಚಾಗಿ ಇಂಥ ಸಂದಿಯಿಂದಲೇ ಗಾಳಿ ನುಗ್ಗಿ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿರುತ್ತದೆ.

ಫಿಲ್ಟರಿನ ತಳದ ನೀರು ಬಿಡುವ ಸ್ಕ್ರೂ ನಿಮ್ಮಲ್ಲಿ ಎಷ್ಟು ಜನ ಮುಟ್ಟಿದ್ದೀರಿ? ಬೆಳಗ್ಗೆ ಗಾಡಿ ಅಲುಗಿಸುವ ಮೊದಲು ಅದನ್ನು ಸಡಿಲಿಸಿ, ಬರುವುದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಬರೀ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿ ಮಾಡಿ. ಮಳೆಗಾಲದಲ್ಲಿ ಇದನ್ನು ತಪ್ಪಿಸಬೇಡಿ. ಹೊಸ ಫಿಲ್ಟರ್ ಹಾಕುವಾಗ ಕ್ಯಾನಿನಿಂದ ಡೀಸೆಲ್ ಸುರಿದು ತುಂಬಬೇಡಿ, ಕಸ ನೇರ ಪಂಪಿಗೆ ಹೋಗುತ್ತದೆ. ಹ್ಯಾಂಡ್ ಪಂಪಿನಿಂದಲೇ ಏರ್ ತೆಗೆಯಿರಿ.

ಇನ್ನು ಟ್ಯಾಂಕಿನ ಮುಳ್ಳು ತಳ ಮುಟ್ಟುವವರೆಗೆ ಓಡಿಸುವವರಿಗೆ: ಪಂಪಿಗೆ ಎಣ್ಣೆಯೂ ಡೀಸೆಲ್ಲೇ, ತಂಪೂ ಡೀಸೆಲ್ಲೇ. ಅದು ಖಾಲಿ ತಿರುಗಿದರೆ ಸವೆದು ಲೋಹದ ಪುಡಿ ಇಂಜೆಕ್ಟರ್‌ವರೆಗೂ ಹೋಗುತ್ತದೆ. ಕಾಲು ಟ್ಯಾಂಕಿಗಿಂತ ಕಡಿಮೆಯಾಗಲು ಬಿಡಬೇಡಿ. ಸೀಮೆಎಣ್ಣೆ ಬೆರೆಸಿದ ಅಗ್ಗದ ಮಾಲಿಗೂ ಕೈ ಚಾಚಬೇಡಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ಲಿನಲ್ಲಿ ಗಂಧಕ 10 ಪಿಪಿಎಂ ಮೀರುವಂತಿಲ್ಲ. ಗಂಧಕ ತೆಗೆಯುವಾಗ ಡೀಸೆಲ್ಲಿನ ಜಿಡ್ಡೂ ತಗ್ಗುವುದರಿಂದ ಅದನ್ನು ಬೇರೆ ಬೆರಕೆಯಿಂದ ಸರಿದೂಗಿಸಿರುತ್ತಾರೆ. ಅದಕ್ಕೆ ಸೀಮೆಎಣ್ಣೆ ಸುರಿದರೆ ಪಂಪಿಗೆ ಉಳಿಯುವುದೇನು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಬ್ಯಾಟರಿ ಮರೆಯಬೇಡಿ. ಎಂಜಿನ್ ನಿಧಾನ ತಿರುಗಿದರೆ ಪಂಪೂ ನಿಧಾನ ತಿರುಗುತ್ತದೆ, ಒತ್ತಡ ಏರುವುದಿಲ್ಲ. ಟರ್ಮಿನಲ್ ಮೇಲಿನ ಬೂಷ್ಟು ಉಜ್ಜಿ, ಅರ್ಥ್ ವೈರ್ ಬಿಗಿ ಮಾಡಿ.

ಇಷ್ಟೆಲ್ಲ ಸರಿಯಿದ್ದೂ ಸ್ಟಾರ್ಟ್ ಆಗದಿದ್ದರೆ, ಅದರಲ್ಲೂ ಬಿಸಿಯಾದ ಮೇಲೆ ಸತಾಯಿಸಿದರೆ, ಪಂಪು ಅಥವಾ ಇಂಜೆಕ್ಟರ್ ಸವೆದಿರುವ ಅನುಮಾನ ಸಹಜ. ಬಿಸಿ ಡೀಸೆಲ್ ತೆಳುವಾಗಿ ಸವೆದ ಸಂದಿಯಲ್ಲಿ ಸೋರಿಹೋಗುತ್ತದೆ. ಆಗ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ, ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಶರ್ ಎಷ್ಟು ಏರುತ್ತದೆಂದು ಕೇಳಿ. ಇಂಜೆಕ್ಟರ್ ರಿಟರ್ನ್ ಅಳೆಸಿ. ಒಂದರಿಂದ ಉಳಿದವಕ್ಕಿಂತ ತುಂಬಾ ಹೆಚ್ಚು ಡೀಸೆಲ್ ವಾಪಸ್ ಬರುತ್ತಿದ್ದರೆ ಒತ್ತಡ ಅಲ್ಲೇ ಸೋರುತ್ತಿದೆ, ಪಂಪು ನಿರಪರಾಧಿ. ಈ ಲೆಕ್ಕ ಕಣ್ಣಾರೆ ನೋಡದೆ ಹೊಸ ಪಂಪಿಗೆ ಅಡ್ವಾನ್ಸ್ ಕೊಡಬೇಡಿ.

ಒಂದು ಮಾತ್ರ ಕಟ್ಟುನಿಟ್ಟು. ಹಳೆ ಗಾಡಿಯ ರೂಢಿಯಲ್ಲಿ ಎಂಜಿನ್ ತಿರುಗುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಬೇಡಿ. ಸೋರಿಕೆ ಹುಡುಕಲು ಬೆರಳು ಸವರಲೂಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆ ಚರ್ಮ ಸೀಳಿ ಮಾಂಸದೊಳಕ್ಕೆ ಹೊಗುತ್ತದೆ. ಗಾಯ ಚುಕ್ಕಿಯಷ್ಟೇ ಕಂಡರೂ ಆಸ್ಪತ್ರೆಗೆ ಓಡಿ, ಡೀಸೆಲ್ ಹೊಕ್ಕಿದೆ ಎಂದು ಹೇಳಿ. ತಡವಾದರೆ ಬೆರಳೇ ಹೋದೀತು. ಫಿಲ್ಟರ್‌ವರೆಗಿನ ಕೆಲಸ ನಿಮ್ಮದು, ಪಂಪಿನಿಂದಾಚೆಗಿನದು ಮೇಸ್ತ್ರಿಯದು. ಈ ಗೆರೆ ದಾಟಬೇಡಿ.