ಮಿಡಿ ಮೂಸುವ ಮೂಗಿಗೆ ಹಾಪ್ಸ್ ಕಷ್ಟವಲ್ಲ

ಪ್ರಶ್ನೆ: ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿರುವ ಮಗ ಮನೆಯಲ್ಲೇ ‘ಪೇಲ್ ಏಲ್’ ಬಿಯರ್ ಮಾಡುತ್ತಾನೆ. ನಾನು ಅಲ್ಲಿಗೆ ಹೊರಟಿದ್ದೇನೆ. ‘ಈ ಸಲ ಡ್ರೈ ಹಾಪಿಂಗಿಗೆ ಹಾಪ್ಸ್ ನೀನೇ ಆರಿಸು ಅಪ್ಪ’ ಅನ್ನುತ್ತಾನೆ. ನನಗೆ ಗೊತ್ತಿರುವುದು ಅಡಿಕೆ ಮತ್ತು ಮಾವಿನಮಿಡಿ. ಹೇಗೆ ಆರಿಸಲಿ? ಬಳ್ಳಿ ತಂದು ಇಲ್ಲಿ ನೆಡಬಹುದೇ?
– ಓದುಗರು, ಮೇಗರವಳ್ಳಿ

ಉತ್ತರ: ಮಿಡಿ ಗೊತ್ತಿದ್ದರೆ ಅರ್ಧ ಕೆಲಸ ಆದಂತೆಯೇ. ಅಪ್ಪೆಮಿಡಿ ಕೊಳ್ಳುವಾಗ ತೊಟ್ಟು ಮುರಿದು ಸೊನೆ ಮೂಸುತ್ತೀರಲ್ಲ, ಮಾವಿನ ಸೊನೆಯ ಆ ಘಮದಲ್ಲಿ ಮಿರ್ಸೀನ್ ಎಂಬ ತೈಲಾಂಶ ಇರುತ್ತದೆ. ಬಹಳಷ್ಟು ಹಾಪ್ಸ್ ತಳಿಗಳ ತೈಲದಲ್ಲೂ ಅದರದ್ದೇ ದೊಡ್ಡ ಪಾಲು.

ಹಾಪ್ಸ್ ಎಂದರೆ ಬಳ್ಳಿಯೊಂದರ ಹೆಣ್ಣು ಹೂಗೊಂಚಲು. ಎಸಳಿನ ಬುಡದ ಹಳದಿ ಪುಡಿಯಲ್ಲಿ ಕಹಿಯೂ ಇದೆ, ಘಮವೂ ಇದೆ. ಕಹಿ ಇಳಿಯಬೇಕಾದರೆ ಗಂಟೆಹೊತ್ತು ಕುದಿಯಬೇಕು. ಅಷ್ಟರಲ್ಲಿ ಘಮ ಹಬೆಯೊಡನೆ ಹಾರಿಹೋಗಿರುತ್ತದೆ. ಅದಕ್ಕೇ ಹುದುಗುವುದು ಮುಗಿದ ಬಿಯರಿಗೆ ಇನ್ನಷ್ಟು ಹಾಪ್ಸ್ ಹಾಕಿ ಎರಡು ಮೂರು ದಿನ ಬಿಡುತ್ತಾರೆ. ಡ್ರೈ ಹಾಪಿಂಗ್ ಅಂದರೆ ಇಷ್ಟೇ. ಹಾಗಾಗಿ ಪೊಟ್ಟಣದ ಮೇಲಿನ ‘ಆಲ್ಫಾ ಆಮ್ಲ’ದ ಅಂಕಿಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಕಹಿಯ ಲೆಕ್ಕ. ಕೊಯ್ಲಿನ ವರ್ಷ ನೋಡಿ.

ಆಮೇಲೆ ಮೂಗಿನ ಕೆಲಸ. ಪೊಟ್ಟಣದಲ್ಲಿರುವ ಒಂದೆರಡು ಹಾಪ್ಸ್ ಗುಳಿಗೆ ಅಂಗೈಗೆ ಹಾಕಿ ಪುಡಿಯಾಗುವಂತೆ ಉಜ್ಜಿ. ಕೈ ಬಿಸಿಗೆ ಎಣ್ಣೆ ಬಿಟ್ಟು ಅಂಟಂಟಾದಾಗ ಮೂಸಿ. ಚಕ್ಕೋತದ ಸಿಪ್ಪೆ, ಜೊತೆಗೆ ತುಸು ಹೂವಿನ ಕಂಪು ಬಂದರೆ ಕ್ಯಾಸ್ಕೇಡ್. ಮಾವು, ಲಿಚಿಯಂಥ ಹಣ್ಣಿನ ಘಾಟು ಬಂದರೆ ಸಿಟ್ರಾ. ಧೂಪದ ಮರದ ರಾಳ ನೆನಪಾದರೆ ಸಿಮ್ಕೋ ಅಥವಾ ಚಿನೂಕ್ ಇರಬಹುದು. ಗುಳಿಗೆ ಕಂದು ತಿರುಗಿ, ಹಳೇ ಚೀಸಿನ ಅಥವಾ ಬೆವರಿದ ಕಾಲುಚೀಲದ ನಾತ ಹೊಡೆದರೆ ಎಷ್ಟೇ ಹೆಸರುವಾಸಿ ತಳಿಯಾದರೂ ಬೇಡ. ಒಳ್ಳೆಯದು ಸಿಕ್ಕರೆ, ಉಳಿದದ್ದನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರಿಗೆ ಹಾಕಿ.

ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ಕ್ಯಾಸ್ಕೇಡ್ ಒಂದೇ ಸಾಕು. 1972ರಲ್ಲಿ ಬಿಡುಗಡೆಯಾದ ಈ ತಳಿ ಹುಟ್ಟಿದ್ದು ನಿಮ್ಮ ಮಗನಿರುವ ಒರೆಗಾನಿನಲ್ಲೇ. 1980ರಲ್ಲಿ ಸಿಯೆರಾ ನೆವಾಡ ಕಂಪನಿ ಇದನ್ನು ನೆಚ್ಚಿ ಮಾಡಿದ ಪೇಲ್ ಏಲ್‌ನಿಂದಲೇ ಅಮೆರಿಕದವರಿಗೆ ಆ ರುಚಿ ಹತ್ತಿದ್ದು. ಸಿಟ್ರಾ ಈಗ ಎಲ್ಲರ ಪಾತ್ರೆಯಲ್ಲೂ ಇದೆ, ಬಿಯರೆಲ್ಲ ಒಂದೇ ಥರ ಆಗುತ್ತಿದೆ. ಬೇಕೇಬೇಕೆಂದರೆ ಮೂರರಲ್ಲಿ ಒಂದು ಪಾಲು ಸೇರಿಸಿ.

20 ಲೀಟರಿಗೆ 60ರಿಂದ 100 ಗ್ರಾಂ ಸಾಕು. ಕ್ಯಾಸ್ಕೇಡನ್ನೇ ಬಳಸಿ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೀಟರಿಗೆ 8 ಗ್ರಾಂ ದಾಟಿದ ಮೇಲೆ ಹುಳಿಹಣ್ಣಿನ ಘಮಕ್ಕಿಂತ ಸೊಪ್ಪು, ಚಹಾದ ವಾಸನೆಯೇ ಮುಂದಾಯಿತು. ಇನ್ನೊಂದು ಎಚ್ಚರ: ಹಾಪ್ಸ್‌ನಲ್ಲಿರುವ ಕಿಣ್ವಗಳು ಉಳಿದ ಪಿಷ್ಟದ ಅಂಶವನ್ನು ಸಕ್ಕರೆ ಮಾಡಿ ಮತ್ತೆ ಹುದುಗು ಎಬ್ಬಿಸುತ್ತವೆ. ಹಾಪ್ಸ್ ಹಾಕಿದ ಮೇಲೆ ಹೈಡ್ರೋಮೀಟರಿನ ಅಂಕಿ ನಿಂತಿದೆಯೇ ಎಂದು ನೋಡದೆ ಬಾಟಲಿಗೆ ತುಂಬಿದರೆ ಬಾಟಲಿ ಸಿಡಿದೀತು.

ಬಳ್ಳಿಯ ಆಸೆ ಬಿಡಿ. ಹಾಪ್ಸ್ ಚೆನ್ನಾಗಿ ಹೂ ಬಿಡಲು ಚಳಿಗಾಲದ ಕೊರೆತ, ಬೇಸಿಗೆಯ ಉದ್ದ ಹಗಲು ಬೇಕು. ಮೇಗರವಳ್ಳಿಯಲ್ಲಿ ಅತಿ ಉದ್ದದ ಹಗಲೂ ಹದಿಮೂರು ಗಂಟೆಯ ಆಸುಪಾಸು. ಭಾರತದಲ್ಲಿ ಇದು ಬೆಳೆಯುವುದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಆಗುಂಬೆ ಬದಿಯ ಮಳೆಯಲ್ಲಿ ಇದಕ್ಕೂ ಬೂಜುರೋಗ ತಪ್ಪಿದ್ದಲ್ಲ. ಅದನ್ನು ತರುವ ಜೀವಿ ಅಡಿಕೆಗೆ ಕೊಳೆರೋಗ ತರುವ ಜೀವಿಯ ನೆಂಟ. ಬೋರ್ಡೋ ದ್ರಾವಣ ಹೊಡೆಯುವ ಮರಗಳು ನಿಮಗೆ ಈಗಲೇ ಸಾಕಷ್ಟಿವೆ.

ಮಗನಿಂದ ಕಲಿತು ಬಂದು ಊರಲ್ಲಿ ಮಾಡುವುದೂ ಬೇಡ. ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಯ ಬಿಯರಿಗೆ ದಾರಿ ಬಿಟ್ಟಿತು; ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಇಲ್ಲಿ ಪರವಾನಗಿ ಇಲ್ಲದೆ ಮಾಡುವುದು ಅಪರಾಧ. ಹಾಪ್ಸ್ ಘಮವೇ ಬೇಕಾದರೆ ತಣ್ಣನೆಯ ನೀರಿನಲ್ಲಿ ನಾಲ್ಕಾರು ಗುಳಿಗೆ ನೆನೆಸಿ, ಸೋಸಿ, ಸೋಡಾ ಬೆರೆಸಿ ಕುಡಿಯಿರಿ. ಅಮಲಿಲ್ಲ, ಕೇಸೂ ಇಲ್ಲ.

ಮಗನ ಮನೆಯಲ್ಲಿ ನಾಯಿ ಇದ್ದರೆ ಬಳಸಿದ ಹಾಪ್ಸ್ ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ನಾಯಿಗಳಿಗೆ ಅದು ವಿಷ. ಮೈಬಿಸಿ ಏರಿ ಪ್ರಾಣಕ್ಕೇ ಕುತ್ತಾಗಬಹುದು.